ಹನ್ನೆರಡನೆಯ ಬಟ್ಟಲು

"ವಾಲಿತು!" ಅಂದರು ಅಜ್ಜ. "ಮತ್ತೆ ವಾಲಿತು ನೋಡು!"

ಮರದ ದೊಡ್ಡ ಚಕ್ರವೊಂದು ಮೂರು ಸರಪಳಿಗಳಲ್ಲಿ ತೂಗುತ್ತಾ ಕೆಲಸದ ಕೋಣೆಯ ನಡುವೆ ನಿಂತಿತ್ತು. ಅದರ ಹಗ್ಗ ಅಜ್ಜನ ಕೈಯಲ್ಲಿತ್ತು. ಕೂತಲ್ಲೇ ನಿದ್ದೆಹೋದ ಮಗುವಿನ ತಲೆಯ ಹಾಗೆ ಚಕ್ರ ಒಂದೇ ಕಡೆಗೆ ಜೋತುಬಿದ್ದಿತ್ತು.

ಅಜ್ಜ ಬಡಗಿ. ಚಕ್ರ ಚರ್ಚಿನದು. ನಾಳೆ ಭಾನುವಾರ ಬೆಳಿಗ್ಗೆ ಅದನ್ನು ಚರ್ಚಿನ ಮಾಡಿನಿಂದ ಇಳಿಬಿಡಬೇಕು. ಚಕ್ರದ ಸುತ್ತ ಹಿತ್ತಾಳೆಯ ಬಟ್ಟಲುಗಳು. ಒಂದೊಂದು ಬಟ್ಟಲಿಗೆ ಒಂದು ಮೇಣದಬತ್ತಿ. ಒಂದೊಂದು ಬತ್ತಿ ಹಚ್ಚಲು ಭಾನುವಾರದ ಕ್ಲಾಸಿನ ಒಂದೊಂದು ಮಗು.

"ಸರಪಳಿ ಮೂರೂ ಒಂದೇ ಅಳತೆ. ಮರದಲ್ಲಿ ಗಂಟಿಲ್ಲ. ಇದಕ್ಕೇನು ದೆವ್ವ ಹಿಡೀತಾ?" ಅಜ್ಜ ಹಗ್ಗ ಕಟ್ಟಿ ಚಕ್ರದ ಕೆಳಗೆ ಬಂದು ನಿಂತರು.

ಕಿಟಕಿಯ ಹತ್ತಿರ ನಿಂತಿದ್ದ ಸಿಬರು ಒಂದು ಹೆಜ್ಜೆ ಹಿಂದೆ ಸರಿದಳು.

ಶಾಲೆಯ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ತೆಳ್ಳಗೆ, ಚೂಪಾಗಿ, ಒಂದು ವಿಷಯ ಹಿಡಿದರೆ ಬಿಡದ ಈ ಮೊಮ್ಮಗಳಿಗೆ ಅಜ್ಜ ಸಿಬರು ಎಂದೇ ಹೆಸರಿಟ್ಟಿದ್ದರು. ಬೆರಳಿಗೆ ಹೊಕ್ಕ ಸಿಬರನ್ನು ತೆಗೆಯುವುದು ಎಷ್ಟು ಕಷ್ಟ ಅಂತ ಬಡಗಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಸಿಬರಿನ ಕೈ ಫ್ರಾಕಿನ ಜೇಬಿನಲ್ಲಿತ್ತು. ಜೇಬಿನೊಳಗೆ ತಣ್ಣಗಿನ, ಭಾರದ ವಸ್ತುವೊಂದಿತ್ತು.

ಅಜ್ಜ ಬೆರಳೆತ್ತಿ ಎಣಿಸಿದರು. "...ಒಂಬತ್ತು, ಹತ್ತು, ಹನ್ನೊಂದು." ಆಮೇಲೆ ಇನ್ನೊಂದು ಕಡೆಯಿಂದ ಎಣಿಸಿದರು. ಆಗಲೂ ಹನ್ನೊಂದೇ.

ಅವರು ಚಕ್ರವನ್ನು ಕೆಳಗಿಳಿಸಿ, ಬಟ್ಟಲಿಲ್ಲದ ಜಾಗದ ಮೇಲೆ ಉಗುರಾಡಿಸಿದರು. "ನಿನ್ನೆ ಇಲ್ಲೊಂದು ತೂತು ಕೊರೆದಿದ್ದೆ ನಾನು. ಯಾರೋ ಇದಕ್ಕೆ ಬೆಣೆ ಹೊಡೆದು, ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಸ್ಯಾಂಡ್‌ಪೇಪರಲ್ಲಿ ಉಜ್ಜಿದ್ದಾರೆ. ಉಗುರಿಗೂ ಸಿಗ್ತಿಲ್ಲ! ಇಷ್ಟು ಅಚ್ಚುಕಟ್ಟಾಗಿ ತೂತು ಮುಚ್ಚೋದನ್ನ ನಾನು ಒಬ್ಬಳಿಗೇ ಕಲಿಸಿರೋದು."

ಹೊಗಳಿಕೆಯೋ ಬೈಗುಳವೋ ತಿಳಿಯದೆ ಸಿಬರಿನ ಕಿವಿ ಕೆಂಪಾಯಿತು.

"ಅದು ಯೂದನ ಬಟ್ಟಲು ಅಜ್ಜ," ಅಂದಳು. "ಹನ್ನೆರಡು ಶಿಷ್ಯರಿಗೆ ಹನ್ನೆರಡು ಬಟ್ಟಲು ಅಂತ ಅಜ್ಜಿನೇ ಹೇಳಿದ್ದು. ಬೆಳ್ಳಿ ನಾಣ್ಯಕ್ಕೆ ಯೇಸುವನ್ನ ಹಿಡಿದುಕೊಟ್ಟೋನಿಗೆ ದೀಪ ಯಾಕೆ? ಹನ್ನೊಂದು ಸಾಕು."

ಮೂಲೆಯ ಸ್ಟೂಲಿನ ಮೇಲೆ ಕೂತು ಬತ್ತಿಯ ದಾರ ಕತ್ತರಿಸುತ್ತಿದ್ದ ಅಜ್ಜಿ ತಲೆಯೆತ್ತಿದರು.

ಅಜ್ಜಿಗೆ ಸಂಖ್ಯೆಗಳೆಂದರೆ ನೆಂಟರಿದ್ದ ಹಾಗೆ. ತಮ್ಮ ದಪ್ಪ ಬೈಬಲ್ ಪುಸ್ತಕ ತೆರೆದರೆ ಒಂದೊಂದನ್ನೇ ಕರೆದು ಕೂರಿಸಿ ಮಾತಾಡಿಸುತ್ತಿದ್ದರು. ಏಳು ಬಂದರೆ, "ಇದು ತುಂಬಿದ ಸಂಖ್ಯೆ. ಆರು ದಿನದ ಕೆಲಸ ಮುಗಿದು ದೇವರು ಏಳನೇ ದಿನ ವಿಶ್ರಾಂತಿ ತಗೊಂಡ." ನಲವತ್ತು ಬಂದರೆ, "ಇದು ಕಾಯೋ ಸಂಖ್ಯೆ. ನಲವತ್ತು ದಿನ ಮಳೆ, ನಲವತ್ತು ವರ್ಷ ಮರುಭೂಮಿ." ಹನ್ನೆರಡು ಅಂದರೆ ಅವರ ಮುಖವೇ ಅರಳುತ್ತಿತ್ತು. ಒಬ್ಬ ಅಪ್ಪನಿಗೆ ಹನ್ನೆರಡು ಗಂಡುಮಕ್ಕಳು, ಅವರಿಂದ ಹನ್ನೆರಡು ಕುಲ, ಹನ್ನೆರಡು ಶಿಷ್ಯರು, ಕೊನೆಗೆ ಸ್ವರ್ಗದ ಪಟ್ಟಣಕ್ಕೂ ಹನ್ನೆರಡು ಬಾಗಿಲು! ಕೇಳುತ್ತಾ ಕೇಳುತ್ತಾ ಗಣಿತದ ಪುಸ್ತಕದ ಸಂಖ್ಯೆಗಳೂ ಸಿಬರಿನ ಕಣ್ಣಿಗೆ ಏನೋ ಗುಟ್ಟು ಇಟ್ಟುಕೊಂಡ ಹಾಗೆ ಕಾಣುತ್ತಿದ್ದವು.

"ನಾಳೆ ಆ ಹನ್ನೆರಡನೇ ಬತ್ತಿ ಹಚ್ಚಬೇಕಾದೋರು ಯಾರೇ?" ಅಜ್ಜಿ ಕೇಳಿದರು.

ಸಿಬರು ಕಿಟಕಿಯ ಕಡೆ ತಿರುಗಿದಳು. "ಜುಟ್ಟು."

"ಓಹೋ," ಅಂದರು ಅಜ್ಜಿ. "ನಿನ್ನ ಗೆಳತಿ."

"ಗೆಳತಿ ಅಲ್ಲ. ಅಲ್ವೇ ಅಲ್ಲ!"

ಜುಟ್ಟು ಅಂದರೆ ಎರಡು ಬೀದಿ ಆಚೆಯ ದರ್ಜಿಯಮ್ಮನ ಮಗಳು. ಬಾಚಿದಷ್ಟೂ ಎದ್ದು ನಿಲ್ಲುವ ಕೂದಲು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು.

ಜಗಳವಾಗಿದ್ದು ಹೆಬ್ಬೆರಳಿಂದ. ಹತ್ತು ವರ್ಷ ತುಂಬಿದರೂ ಸಿಬರು ಮಲಗುವಾಗ ಹೆಬ್ಬೆರಳು ಚೀಪುತ್ತಿದ್ದಳು. ಮನೆಯವರನ್ನು ಬಿಟ್ಟರೆ ಈ ವಿಷಯ ಜುಟ್ಟುವಿಗೆ ಮಾತ್ರ ಗೊತ್ತಿತ್ತು. ಹೋದ ವಾರ ಕ್ಲಾಸಿನಲ್ಲೊಬ್ಬಳು ಮಿರಿಮಿರಿ ಮಿಂಚುವ ಸ್ಟಿಕ್ಕರ್ ತಂದು, "ಯಾರದಾದ್ರೂ ಒಂದು ಸೀಕ್ರೆಟ್ ಹೇಳಿದ್ರೆ ಮೂರು ಕೊಡ್ತೀನಿ" ಅಂದಳು. ಜುಟ್ಟು ಹೇಳಿಬಿಟ್ಟಳು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಇಡೀ ಕ್ಲಾಸು ಹೆಬ್ಬೆರಳೆತ್ತಿ ಸಿಬರಿಗೆ ಟಾಟಾ ಮಾಡುತ್ತಿತ್ತು.

ಅದಾದ ಎರಡೇ ದಿನಕ್ಕೆ ಭಾನುವಾರದ ಕ್ಲಾಸಿನಲ್ಲಿ ಟೀಚರ್ ಚೀಟಿ ಎತ್ತಿಸಿದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಷ್ಯನ ಹೆಸರು. ಸಿಬರಿಗೆ ಪೇತ್ರ ಬಂತು. ಜುಟ್ಟುವಿನ ಚೀಟಿಯಲ್ಲಿ ಮತ್ತೀಯ ಎಂದಿತ್ತು.

"ಮತ್ತೀಯ ಯಾರು?" ಅಂತ ಜುಟ್ಟು ಮೆಲ್ಲಗೆ ಕೇಳಿದಳು.

"ಯೂದ ಹೋದ ಮೇಲೆ ಅವನ ಜಾಗಕ್ಕೆ ಬಂದೋನು," ಅಂದಳು ಸಿಬರು, ಎಲ್ಲರಿಗೂ ಕೇಳುವ ಹಾಗೆ. "ಅಂದ್ರೆ ನೀನು ಯೂದನ ಜಾಗ. ಸರಿಯಾಗೇ ಬಂದಿದೆ!"

ಮಕ್ಕಳು ಗೊಳ್ಳೆಂದು ನಕ್ಕರು. ಆವತ್ತಿನಿಂದ ಜುಟ್ಟುವಿನ ಹೆಸರೇ ಯೂದ ಆಯಿತು. ಶಾಲೆಯಲ್ಲೂ ಯೂದ, ಬೀದಿಯಲ್ಲೂ ಯೂದ.

"ನೀವಿಬ್ಬರೂ ಪಕ್ಕಪಕ್ಕ ನಿಲ್ಲಿ, ಫ್ರೆಂಡ್ಸ್ ಅಲ್ವಾ?" ಅಂದಿದ್ದರು ಟೀಚರ್. "ಅಲ್ಲ ಟೀಚರ್," ಅಂದಿದ್ದಳು ಸಿಬರು. ವಾರದ ನಡುವೆ ಬ್ರೆಡ್ ಅಂಗಡಿಯ ಮಾಮ, "ಎಲ್ಲಮ್ಮ ನಿನ್ನ ಜೋಡಿ?" ಅಂದಾಗ, "ಯಾರು? ನಂಗೆ ಯಾರೂ ಗೊತ್ತಿಲ್ಲ" ಅಂದಿದ್ದಳು. ಮಾಮ ಬ್ರೆಡ್ ಕಟ್ಟುವುದನ್ನೇ ಮರೆತು ಅವಳ ಮುಖ ನೋಡಿದ್ದರು.

ನಾಳೆ ಹನ್ನೊಂದು ಮಕ್ಕಳು ಬತ್ತಿ ಹಚ್ಚಬೇಕು. ಜುಟ್ಟು ಬತ್ತಿ ಹಚ್ಚುವ ಕೋಲು ಹಿಡಿದು ಮುಂದೆ ಬರಬೇಕು. ಅವಳಿಗೆ ಬಟ್ಟಲೇ ಇರಬಾರದು. ಎಲ್ಲರೂ ನೋಡಬೇಕು. ಸಿಬರು ಮಾಡಿದ ಲೆಕ್ಕ ಇದು. ಚಕ್ರ ವಾಲಬಹುದು ಎನ್ನುವುದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಅಜ್ಜ ಕೈವಾರ ಎತ್ತಿಕೊಂಡು ಅವಳ ಮುಂದೆ ಹಿಡಿದರು. "ಈ ಚಕ್ರಕ್ಕೆ ಗುರುತು ಹಾಕಿದ್ದು ನೆನಪಿದೆಯಾ? ನಡುವಿಂದ ಅಂಚಿಗೆ ಎಷ್ಟು ದೂರವೋ ಅಷ್ಟೇ ಕಾಲು ಅಗಲಿಸಿ ಅಂಚಿನ ಮೇಲೆ ನಡೆಸಿದ್ವಿ. ಎಷ್ಟು ಹೆಜ್ಜೆ?"

"ಆರು."

"ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಬಳೆಯಷ್ಟು ಚಕ್ರವಾದ್ರೂ ಆರೇ, ಬಾವಿಯಷ್ಟು ಚಕ್ರವಾದ್ರೂ ಆರೇ. ಒಂದೊಂದು ಹೆಜ್ಜೆಯ ನಡುವೆ ಮತ್ತೊಂದು ಗುರುತು ಹಾಕಿದ್ರೆ ಹನ್ನೆರಡು. ಐವತ್ತು ವರ್ಷದಿಂದ ನೋಡ್ತಿದ್ದೀನಿ, ಇವತ್ತಿಗೂ ನಂಗೆ ಆಶ್ಚರ್ಯ." ಅಜ್ಜ ಕೈವಾರವನ್ನು ಜೋಪಾನವಾಗಿ ಕೆಳಗಿಟ್ಟರು. "ಹನ್ನೊಂದು ಮಾಡೋಕೆ ಹೋದ್ರೆ ಇದರ ಕಾಲು ಶುರುಮಾಡಿದ ಗುರುತಿಗೆ ಬರೋದೇ ಇಲ್ಲ, ಎಲ್ಲೋ ಹೋಗಿ ನಿಲ್ಲುತ್ತೆ."

"ಇಲ್ಲಿ ಬಾರೇ," ಅಂದರು ಅಜ್ಜಿ. ಸಿಬರು ಹೋಗಿ ಮರದ ಸುರುಳಿಗಳ ರಾಶಿಯ ಮೇಲೆ ಕೂತಳು.

"ಯೂದ ಹೋದ. ಹನ್ನೊಂದು ಜನ ಉಳಿದ್ರು. ಅವರು ಏನು ಮಾಡಿದ್ರು? ತೂತು ಮುಚ್ಚಿ ಸ್ಯಾಂಡ್‌ಪೇಪರ್ ಉಜ್ಜಿದ್ರಾ?"

ಸಿಬರಿಗೆ ನಗು ಬಂತು, ಆದರೆ ನಗಲಿಲ್ಲ. "ಚೀಟಿ ಹಾಕಿದ್ರು."

"ಚೀಟಿ ಹಾಕಿ ಮತ್ತೀಯನನ್ನ ಕರೆದು ಕೂರಿಸಿಕೊಂಡ್ರು. ಅವನೇನು ದೊಡ್ಡ ಕೆಲಸ ಮಾಡಿದ ಅಂತ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಬಂದ, ಆ ಜಾಗ ತುಂಬಿದ, ಅಷ್ಟೇ. ಅವನ ಹೆಸರಿನ ಅರ್ಥ ಗೊತ್ತಾ? ದೇವರು ಕೊಟ್ಟಿದ್ದು ಅಂತ. ಹನ್ನೆರಡು ಅಂದ್ರೆ ಬರೀ ಲೆಕ್ಕ ಅಲ್ಲ ಕಣೇ. ಅದು ಮನೆ."

"ಆದ್ರೆ ಅಜ್ಜಿ, ಜುಟ್ಟು ಮತ್ತೀಯ ಅಲ್ಲ, ಯೂದನೇ! ನಾನಾಗಿದ್ರೆ ಸತ್ತರೂ ಹೇಳ್ತಿರಲಿಲ್ಲ. ನಾನು ಪೇತ್ರ. ಪೇತ್ರ ಅಂದ್ರೆ ಬಂಡೆ ಅಂತ ನೀನೇ ಹೇಳಿದ್ದಲ್ವಾ?"

"ಹೌದು, ಬಂಡೆ. ಮೊದಲು ಅವನ ಹೆಸರು ಸೀಮೋನ ಅಂತ. ಯೇಸು ಬಂಡೆ ಅಂತ ಕರೆದಾಗ ಅವನು ಎಂಥ ಬಂಡೆ ಆಗಿದ್ದ ಅಂತೀಯಾ? ನೀರಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು ಮುಳುಗಿದೋನು!"

"ಬಂಡೆ ಮುಳುಗದೆ ತೇಲುತ್ತೇನೇ?" ಅಂದರು ಅಜ್ಜ ಆ ಕಡೆಯಿಂದ.

"ನೀವು ಸುಮ್ಮನಿರಿ," ಅಂದರು ಅಜ್ಜಿ, ನಗುತ್ತಲೇ. ಆಮೇಲೆ ಅವರ ದನಿ ತಗ್ಗಿತು. "ಯೇಸುವನ್ನ ಹಿಡಿದುಕೊಂಡು ಹೋದಾಗ ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸ್ತಾ ಕೂತಿದ್ದ. ನೀನು ಅವನ ಜೊತೆಯವನಲ್ವಾ ಅಂತ ಒಬ್ಬಳು ಕೇಳಿದಳು. ಅಲ್ಲ ಅಂದ. ಇನ್ನೊಬ್ಬರು ಕೇಳಿದ್ರು. ಅವನು ಯಾರೋ ನಂಗೆ ಗೊತ್ತೇ ಇಲ್ಲ ಅಂದ. ಮತ್ತೊಬ್ಬರು ಕೇಳಿದ್ರು. ಅಲ್ವೇ ಅಲ್ಲ ಅಂದ. ಆಗ ಕೋಳಿ ಕೂಗ್ತು, ಯೇಸು ಮೊದಲೇ ಹೇಳಿದ್ದ ಹಾಗೆ."

ಸಿಬರು ಸುರುಳಿಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. ಆ ಬೆರಳು ನಿಂತಿತು.

ಟೀಚರ್. ಬ್ರೆಡ್ ಅಂಗಡಿ ಮಾಮ. ಈಗ ಅಜ್ಜಿ.

ಅವಳು ಕೈಯನ್ನು ಮೆಲ್ಲಗೆ ಮಡಿಲಲ್ಲಿ ಅಡಗಿಸಿದಳು. "ಆಮೇಲೆ?" ಅಂದಳು.

"ಆಮೇಲೆ, ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ, ಒಂದು ಬೆಳಿಗ್ಗೆ. ಕೆರೆಯ ದಡ. ಕೆಂಡದ ಮೇಲೆ ಮೀನು. ದಡದಲ್ಲಿ ಯೇಸುವನ್ನ ಕಂಡು ಪೇತ್ರ ದೋಣಿಯಿಂದ ಕೆರೆಗೆ ಹಾರಿ ಈಜಿಕೊಂಡು ಬಂದ. ಬೈತಾನೆ ಅಂದ್ಕೊಂಡಿದ್ದನೇನೋ. ಯೇಸು ಬೈಲಿಲ್ಲ. ನೀನು ನನ್ನ ಪ್ರೀತಿಸ್ತೀಯಾ ಅಂತ ಕೇಳಿದ. ಹೌದು ಅಂದ. ಮತ್ತೆ ಕೇಳಿದ. ಹೌದು ಅಂದ. ಮತ್ತೂ ಕೇಳಿದ."

"ಮೂರು ಸಲ."

"ಮೂರೇ ಸಲ. ಎರಡಲ್ಲ, ನಾಲ್ಕಲ್ಲ." ಅಜ್ಜಿ ದಾರದ ಉಂಡೆ ಕೆಳಗಿಟ್ಟರು. "ಯೂದನಿಗೂ ಪಶ್ಚಾತ್ತಾಪ ಆಗಿತ್ತು ಕಣೇ. ನಾಣ್ಯ ವಾಪಸ್ ಕೊಡೋಕೆ ಹೋಗಿದ್ದ. ಕೊಟ್ಟೋರು ತಗೊಳ್ಳಲಿಲ್ಲ. ಪಾಪ, ಅದಕ್ಕೂ ಮೊದಲೇ ತೀರಿಕೊಂಡ, ಆ ದಡದವರೆಗೆ ಬರಲೇ ಇಲ್ಲ. ಬಂದಿದ್ರೆ ಯೇಸು ಅವನನ್ನೂ ಏನಾದ್ರೂ ಕೇಳ್ತಿದ್ನೇನೋ ಅಂತ ನಂಗೆ ಎಷ್ಟೋ ಸಲ ಅನ್ನಿಸಿದೆ."

ಕಿಟಕಿಯ ಬಿಸಿಲಲ್ಲಿ ಮರದ ಹುಡಿ ಮೆಲ್ಲಗೆ ತೇಲುತ್ತಿತ್ತು.

ಸಿಬರು ಎದ್ದು ಜೇಬಿನಿಂದ ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು. "ಬೆಣೆ ತೆಗೀತೀಯಾ ಅಜ್ಜ?"

"ನಾನ್ಯಾಕೆ? ಮುಚ್ಚಿದೋಳು ನೀನು. ತಗೋ ಬೈರಿಗೆ, ನೀನೇ ಕೊರಿ."

ತಾನೇ ಅಷ್ಟು ಚೆನ್ನಾಗಿ ಮುಚ್ಚಿದ್ದಕ್ಕೆ ಸಿಬರು ತನ್ನನ್ನೇ ಬೈದುಕೊಂಡಳು. ಅರ್ಧ ಗಂಟೆ ಬೇಕಾಯಿತು. ಅಂಗೈ ಕೆಂಪಾಯಿತು. ಕೊನೆಗೆ ತೂತಿನಿಂದ ಬೆಳಕು ಕಂಡಿತು. ಅವಳು ಬೈರಿಗೆ ಅಲ್ಲೇ ಇಟ್ಟು ಓಡಿದಳು.

ದರ್ಜಿಯಮ್ಮನ ಮನೆಯಲ್ಲಿ ಹೊಲಿಗೆ ಮೆಷಿನ್ ಟಕಟಕ ಓಡುತ್ತಿತ್ತು. ಜುಟ್ಟು ಇಸ್ತ್ರಿ ಮೇಜಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಸಿಬರನ್ನು ಕಂಡದ್ದೇ ಇನ್ನೂ ಒಳಕ್ಕೆ ಸರಿದಳು.

ಸಿಬರು ಬಗ್ಗಿದಳು. "ನಾಳೆ ಬರ್ತೀಯಾ?"

"ಇಲ್ಲ. ಹೊಟ್ಟೆನೋವು."

"ನಾಳೆ ಹೊಟ್ಟೆನೋವು ಬರುತ್ತೆ ಅಂತ ಇವತ್ತೇ ಗೊತ್ತಾ?"

ಜುಟ್ಟು ಜೇಬಿಗೆ ಕೈಹಾಕಿ ತೆಗೆದು ಮುಷ್ಟಿ ಬಿಡಿಸಿದಳು. ಅದರಲ್ಲಿ ಮೂರು ಸ್ಟಿಕ್ಕರ್ ಇದ್ದವು, ಮುದುಡಿ, ಮಿಂಚೆಲ್ಲ ಹೋಗಿ. "ವಾಪಸ್ ಕೊಡೋಕೆ ಹೋಗಿದ್ದೆ ಕಣೇ. ಅವಳು ತಗೊಳ್ಳಲಿಲ್ಲ. ನಂಗೂ ಇಟ್ಕೊಳ್ಳೋಕೆ ಆಗ್ತಿಲ್ಲ. ಎಸೆಯೋಕೂ ಆಗ್ತಿಲ್ಲ."

ಸಿಬರು ಮೇಜಿನ ಕೆಳಗೆ ತೂರಿ ಅವಳ ಪಕ್ಕ ಕೂತಳು. "ಆ ಹೆಸರು ಇಟ್ಟಿದ್ದು ನಾನು," ಅಂದಳು. "ನಾನೇ ತೆಗೀತೀನಿ. ಟೀಚರ್ ಮುಂದೆ, ಎಲ್ಲರ ಮುಂದೆ. ಬರ್ತೀಯಾ?"

"ಹೂಂ... ನೋಡೋಣ."

"ಬರ್ತೀಯಾ?"

"ಬರ್ತೀನಿ ಮಾರಾಯ್ತಿ! ಎಷ್ಟು ಸಲ ಕೇಳ್ತೀಯಾ?"

"ಮೂರು ಸಲ," ಅಂದಳು ಸಿಬರು. "ಮುಗೀತು. ಏಳು, ಈಗಲೇ ಬಾ. ನಿನ್ನ ಬಟ್ಟಲು ಇನ್ನೂ ಕೂರಿಸಿಲ್ಲ."

ಕೆಲಸದ ಕೋಣೆಯಲ್ಲಿ ಜುಟ್ಟು ಬಟ್ಟಲನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದಳು. ಸಿಬರು ಎಡಗೈಯಿಂದ ಅದರ ಬುಡ ಒತ್ತಿ ಹಿಡಿದು, ಬಲಗೈಯಲ್ಲಿ ಮರದ ಸುತ್ತಿಗೆ ಎತ್ತಿದಳು. ಒಂದು ಏಟು, ಎರಡು ಏಟು. ಮೂರನೆಯದು ನೇರ ಅವಳದೇ ಹೆಬ್ಬೆರಳಿನ ಮೇಲೆ ಬಿತ್ತು.

"ಆ!" ಎನ್ನುವಷ್ಟರಲ್ಲಿ ಬೆರಳು ಬಾಯೊಳಗಿತ್ತು.

ಸಿಬರಿನ ಕಣ್ಣು ಅಗಲವಾಯಿತು. ಅಜ್ಜನೂ ಅಜ್ಜಿಯೂ ಮುಖ ಮುಖ ನೋಡಿಕೊಂಡರು. ಜುಟ್ಟು ಬಹಳ ಗಂಭೀರವಾಗಿ ಸೂರಿನ ಕಡೆ ನೋಡತೊಡಗಿದಳು.

"ನಾನೇನೂ ನೋಡಿಲ್ಲಪ್ಪ," ಅಂದಳು.

ಮೊದಲು ನಕ್ಕಿದ್ದು ಸಿಬರು, ಬೆರಳು ಬಾಯಲ್ಲಿರುವಾಗಲೇ. ಆಮೇಲೆ ಇಬ್ಬರೂ ನೆಲದ ಮೇಲಿನ ಹೊಟ್ಟು ಹಾರುವ ಹಾಗೆ ನಕ್ಕರು.

ಅಜ್ಜ ಹಗ್ಗ ಎಳೆದರು. ಚಕ್ರ ನೆಲ ಬಿಟ್ಟಿತು. ಆ ಕಡೆ ಒಮ್ಮೆ ತೂಗಿತು, ಈ ಕಡೆ ಒಮ್ಮೆ ತೂಗಿತು. ಅಜ್ಜ ಅದರ ಮೇಲೆ ರಸಮಟ್ಟ ಇಟ್ಟರು. ಗಾಜಿನ ನಳಿಗೆಯೊಳಗಿನ ಗುಳ್ಳೆ ಅತ್ತ ಓಡಿ, ಇತ್ತ ಓಡಿ, ನಡುವಿನ ಎರಡು ಗೆರೆಗಳ ಮಧ್ಯೆ ಬಂದು ಸುಮ್ಮನೆ ನಿಂತಿತು.

ಸಿಬರು ಮತ್ತು ಜುಟ್ಟು ಭುಜಕ್ಕೆ ಭುಜ ತಾಗಿಸಿ ಕತ್ತೆತ್ತಿ ನೋಡಿದರು. ಸಂಜೆಯ ಬಿಸಿಲು ಬಟ್ಟಲಿನಿಂದ ಬಟ್ಟಲಿಗೆ ದಾಟುತ್ತಾ ಚಕ್ರದ ಸುತ್ತ ಬಂತು.

ಈ ಸಲ ಯಾರೂ ಎಣಿಸಲಿಲ್ಲ.