ನೀರು ಹಾಕಲು ಬಂದವನು

ಬೇಕರಿ ಬೀದಿಯ ರಸ್ತೆ ಉಬ್ಬನ್ನು ನಗರಸಭೆಯವರು ಕಿತ್ತುಹಾಕಿದರು. ತಿಂಗಳೊಳಗೆ ಅದೇ ಜಾಗದಲ್ಲಿ ರಸ್ತೆ ದಾಟುತ್ತಿದ್ದ ಒಬ್ಬ ಮುದುಕಿ ವ್ಯಾನಿಗೆ ಸಿಕ್ಕಿ ಸತ್ತಳು. ವ್ಯಾನು ಸಿಗಲಿಲ್ಲ. 'ಅಪರಿಚಿತ ವಾಹನ' ಎಂದು ಬರೆದು ಕಡತ ಮುಚ್ಚಲಾಯಿತು.

ಅದಾಗಿ ಮೂರು ತಿಂಗಳಿಗೆ, ಒಂದು ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ, ಅದೇ ಬೀದಿಯಿಂದ ಇನ್ನೊಂದು ದೂರು ಠಾಣೆಗೆ ಬಂತು. ತಂದವಳು ಬೇಕರಿಯಲ್ಲಿ ಬನ್ನು ಪ್ಯಾಕ್ ಮಾಡುವ ಹೆಂಗಸು. ಮೊಣಕೈವರೆಗೂ ಮೆತ್ತಿದ್ದ ಮೈದಾಹಿಟ್ಟನ್ನು ತೊಳೆದುಕೊಂಡಿರಲಿಲ್ಲ. ಅದೇ ಬೇಕರಿಯ ಬ್ರೆಡ್ಡನ್ನು ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಹಾಕುತ್ತಿದ್ದವನು ಅವಳ ಗಂಡ. ಬೀದಿಯವರ ಬಾಯಲ್ಲಿ ಬ್ರೆಡ್ಡಣ್ಣ. ಆ ಬೆಳಿಗ್ಗೆ ಅದೇ ಜಾಗದಲ್ಲಿ ಸ್ಕೂಟರಿನಿಂದ ಬಿದ್ದು ಸತ್ತಿದ್ದ.

"ಕೂತ್ಕೊಳ್ಳಮ್ಮ," ಎಂದರು ಇನ್ಸ್‌ಪೆಕ್ಟರ್. ಆಕೆ ಈ ಠಾಣೆಗೆ ಬಂದು ವರ್ಷವೂ ತುಂಬಿರಲಿಲ್ಲ.

"ಕೂತ್ಕೊಳ್ಳಲ್ಲ ಮೇಡಂ. ಬರ್ಕೊಳ್ಳಿ."

"ಎಷ್ಟು ಹೊತ್ತಿಗೆ ಹೊರಟ್ರು?"

"ಐದೂಕಾಲಿಗೆ. ಇನ್ನೂ ಮಬ್ಬುಗತ್ತಲೆ. ಎರಡು ದಿನದಿಂದ ಬೀದಿಗೆ ಅಡ್ಡ ಕಲ್ಲಿಟ್ಟಿದ್ರು, ಕತ್ತಲಲ್ಲಿ ಯಾಕಂತ ಕಾಣದೆ ಇವರು ಸುತ್ತು ಹಾಕ್ಕೊಂಡು ಹೋಗ್ತಿದ್ರು. ಇವತ್ತು ಕಲ್ಲು ಇರಲಿಲ್ಲ. ಅಲ್ಲಿ ಹಂಪ್ಸ್ ಇಲ್ಲ ಅಂತಾನೇ ಅವರ ಲೆಕ್ಕ. ತೆಗೆದಿದ್ರಲ್ಲ! ಮತ್ತೆ ಹಾಕಿದ್ದು ಯಾರು?"

"ನಗರಸಭೆಯವರು ಹಾಕಿರಬಹುದು."

"ಯಾರಾದ್ರೂ ಆಗಲಿ, ನನಗೆ ಹೆಸರು ಬೇಕು. ರಸ್ತೆ ಕೊಂದುಬಿಡ್ತು ಅಂತ ಮಾತ್ರ ಬರೀಬೇಡಿ."

ಅವಳು ಹೋಗುವ ತನಕ ನಿಂತೇ ಇದ್ದಳು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಪತ್ತೆಯಾಗಬೇಕಿದೆ' ಎಂದು ಬರೆದರು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಬಂದವರು ಎದುರಿನ ಟೈಲರ್ ಮತ್ತು ಪಕ್ಕದ ಕ್ಷೌರಿಕ. ಕಪ್ಪು ಟಾರು ರಸ್ತೆಗೆ ಅಡ್ಡಲಾಗಿ ಹೊಸ ಸಿಮೆಂಟಿನ ಉಬ್ಬು. ಅದರ ಮೇಲೆ ಒದ್ದೆಯಾಗಿ ಕಪ್ಪಿಟ್ಟಿದ್ದ ಗೋಣಿತಾಟು. ಬಿಳಿ ಪಟ್ಟೆ ಇಲ್ಲ, ಫಲಕ ಇಲ್ಲ. ಮಬ್ಬುಗತ್ತಲಲ್ಲಿ ರಸ್ತೆ ಯಾವುದು, ಗೋಣಿ ಯಾವುದು ಎಂದು ತಿಳಿಯುವ ಹಾಗೇ ಇರಲಿಲ್ಲ. ಚರಂಡಿಯವರೆಗೂ ಬ್ರೆಡ್ಡಿನ ಪೊಟ್ಟಣಗಳು ಚೆಲ್ಲಿದ್ದವು. ಒಂದನ್ನೂ ಯಾರೂ ಎತ್ತಿಕೊಂಡಿರಲಿಲ್ಲ.

ದಫೇದಾರರು ಮನೆಮನೆಗೆ ಹೋಗಿ ವಿಚಾರಿಸಿ ಬಂದರು. ಮೂವತ್ತು ವರ್ಷ ಸರ್ವೀಸಿನ, ಯಾವುದಕ್ಕೂ ಬೆಚ್ಚದ ಮನುಷ್ಯ.

"ಕೆಲಸ ಆಗಿದ್ದು ಭಾನುವಾರ ಮಧ್ಯಾಹ್ನ ಮೇಡಂ, ಹಾಡಹಗಲು. ಆದ್ರೆ ಯಾರನ್ನ ಕೇಳಿದ್ರೂ ಆ ಭಾನುವಾರ ಊರಲ್ಲಿರಲಿಲ್ಲವಂತೆ. ಮಂಚ ಬಿಟ್ಟು ಏಳೋಕಾಗದ ಅಜ್ಜಿಯೊಬ್ಬರು ಕೂಡ ಪರಸ್ಥಳಕ್ಕೆ ಹೋಗಿದ್ರಂತೆ. ಕಳ್ಳರಿಗೆ ಸುದ್ದಿ ಮುಟ್ಟಿದ್ರೆ ಬೀದಿಯನ್ನೇ ಹೊತ್ಕೊಂಡು ಹೋಗ್ತಿದ್ರು."

"ಕಾಪಾಡ್ತಿದ್ದಾರೆ," ಎಂದರು ಇನ್ಸ್‌ಪೆಕ್ಟರ್.

"ಯಾರನ್ನ?"

"ಅದೇ ಗೊತ್ತಾಗಬೇಕು. ಉಬ್ಬು ಸಾಕ್ಷ್ಯ. ತಜ್ಞರು ಅಳತೆ ತಗೊಳ್ಳೋ ತನಕ ಯಾರೂ ಮುಟ್ಟಕೂಡದು. ಎರಡೂ ಕಡೆ ಬ್ಯಾರಿಕೇಡ್ ಹಾಕ್ಸಿ."

ಮಧ್ಯಾಹ್ನ ಇನ್ಸ್‌ಪೆಕ್ಟರ್ ನಗರಸಭೆಗೆ ಹೋಗಿ ಎಂಜಿನಿಯರ್ ಮುಂದೆ ಕೂತರು. ಅವರ ಮೇಜಿನ ಗಾಜಿನಡಿ ಹಳೆಯ ಅಧ್ಯಕ್ಷರ ಫೋಟೋ ತೆಗೆದ ಗುರುತಿತ್ತು. ಅದರ ಮೇಲೇ ಹೊಸ ಅಧ್ಯಕ್ಷರು ನಗುತ್ತಿದ್ದರು.

"ಬೇಕರಿ ಬೀದಿ ಉಬ್ಬು ನಿಮ್ಮದಾ?"

"ನಮ್ಮದಲ್ಲ. ಅಲ್ಲಿದ್ದದ್ದನ್ನ ತೆಗೆದಿದ್ದು ನಾವು."

"ಯಾಕೆ?"

"ಹೊಸ ಉಪನಿಯಮ ಮೇಡಂ. ಉಬ್ಬುಗಳಿಂದ ಸಂಚಾರಕ್ಕೆ ಅಡ್ಡಿ. ವಾರ್ಡಿನ ಸದಸ್ಯರು ಶಿಫಾರಸು ಮಾಡಿ, ಅಧ್ಯಕ್ಷರು ಒಪ್ಪಿದ ಕಡೆ ಮಾತ್ರ ಉಳಿಸ್ತೀವಿ."

"ಆ ವಾರ್ಡಿನ ಸದಸ್ಯರು ಶಿಫಾರಸು ಕೊಡಲಿಲ್ವಾ?"

"ಕೊಟ್ಟಿದ್ದಾರೆ. ಪರಿಶೀಲನೆಯಲ್ಲಿದೆ."

"ಅವರು ಯಾವ ಕಡೆಯವರು?"

ಎಂಜಿನಿಯರ್ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ಎದುರು ಕಡೆಯವರು."

"ಅಧ್ಯಕ್ಷರ ಮನೆ ಬೀದಿಯಲ್ಲಿ ಮೂರು ಉಬ್ಬು ಇವೆ. ಜೀಪಲ್ಲಿ ಹೋದ್ರೆ ಒಂಟೆ ಮೇಲೆ ಕೂತ ಹಾಗಾಗತ್ತೆ."

"ಅಲ್ಲಿ ಶಿಫಾರಸಿದೆ."

"ಯಾರದು?"

"ಅಧ್ಯಕ್ಷರದೇ."

"ಒಪ್ಪಿದ್ದು?"

"ಅಧ್ಯಕ್ಷರೇ, ಮೇಡಂ."

ಎಂಜಿನಿಯರ್ ಕೆಟ್ಟವರಲ್ಲ. ಬಾಗಿಲವರೆಗೂ ಬಂದು, ದನಿ ತಗ್ಗಿಸಿ ಹೇಳಿದರು: "ಆ ಬೀದಿಯವರು ಮತ ಹಾಕಿದ್ದು ಆ ಕಡೆಗೆ. ಉಬ್ಬಿನ ಪಕ್ಕ ಆ ಸದಸ್ಯರು ತಮ್ಮ ಫೋಟೋ ಇರೋ ಬೋರ್ಡ್ ಬೇರೆ ನೆಟ್ಟಿದ್ರು, ತಾವೇ ದಾನ ಕೊಟ್ಟ ಹಾಗೆ. ಕೀಳಬೇಕಾದ ಉಬ್ಬುಗಳ ಮೊದಲ ಪಟ್ಟಿಯಲ್ಲೇ ಅದು ಬಂತು. ನಾನೇನು ಮಾಡ್ಲಿ, ನನಗೂ ಮನೆ ಮಠ ಇದೆ."

ಗುರುವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮತ್ತೆ ಸ್ಥಳಕ್ಕೆ ಹೋದರು. ಬಿಸಿಲು ನೆತ್ತಿ ಸುಡುತ್ತಿತ್ತು. ಬ್ಯಾರಿಕೇಡ್ ಇದ್ದ ಹಾಗೇ ಇತ್ತು. ಆಕೆ ಬಗ್ಗಿ ಗೋಣಿಯನ್ನು ಮುಟ್ಟಿ ನೋಡಿದರು.

"ದಫೇದಾರ್ರೇ, ಇದು ಒದ್ದೆ ಇದೆ."

"ನಿನ್ನೆಯದೇ ಇರಬಹುದು."

"ಈ ಬಿಸಿಲಲ್ಲಾ? ಹಿಂಡಿದ್ರೆ ನೀರು ಇಳಿಯತ್ತೆ ನೋಡಿ."

ದಫೇದಾರರು ನೋಡಿದರು. "ನಮ್ಮನೆ ತಾರಸಿ ಹಾಕ್ದಾಗ ಮೇಸ್ತ್ರಿ ನನ್ನ ಪ್ರಾಣ ತಿಂದಿದ್ದ ಮೇಡಂ. ದಿನಾ ನೀರು ಹಾಕಿ, ಒಣಗೋಕೆ ಬಿಡಬೇಡಿ ಅಂತ. ಹಸಿ ಸಿಮೆಂಟು ಹಸುಗೂಸಿದ್ದ ಹಾಗೆ ಅನ್ನೋನು."

"ಅಂದ್ರೆ ಹೆಣ ಬಿದ್ದ ಮೇಲೂ ಯಾರೋ ಬಂದು ಇದಕ್ಕೆ ನೀರು ಹಾಕಿದ್ದಾರೆ."

"ತಲೆ ಕೆಟ್ಟಿರಬೇಕು."

"ಇಲ್ಲ. ಕೆಲಸ ಗೊತ್ತಿರಬೇಕು."

ಶುಕ್ರವಾರ ಬೆಳಿಗ್ಗೆ ಆರಕ್ಕೇ ಟೈಲರ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಿಷನ್ನಿನ ಹಿಂದೆ ಇನ್ಸ್‌ಪೆಕ್ಟರ್, ಕತ್ತರಿಸಿದ ಬಟ್ಟೆಗಳ ರಾಶಿಯ ಮೇಲೆ ದಫೇದಾರರು. ಟೈಲರ್ ಸೂಜಿಗೆ ದಾರ ಪೋಣಿಸಲು ಹೋಗಿ ಮತ್ತೆ ಮತ್ತೆ ತಪ್ಪುತ್ತಿದ್ದ.

"ನಿಮಗೆ ಅವರು ಗೊತ್ತು, ಅಲ್ವಾ?" ಎಂದರು ಇನ್ಸ್‌ಪೆಕ್ಟರ್.

"ನಾನು ಭಾನುವಾರ ಊರಲ್ಲಿ..."

"ಇರಲಿ ಬಿಡಿ."

ಏಳಕ್ಕೆ ಬಂದ. ಅರವತ್ತು ದಾಟಿದ ಆಳು, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಬ್ಯಾರಿಕೇಡಿನ ಕೆಳಗೆ ಸೊಂಟ ಹಿಡಿದುಕೊಂಡು ನುಸುಳಿದ. ಗೋಣಿಯ ಮಡಿಕೆ ಬಿಡಿಸಿ, ಅಂಚಿನಿಂದ ಅಂಚಿಗೆ ಸಮನಾಗಿ, ಕೈಯಲ್ಲಿ ಚಿಮುಕಿಸುತ್ತಾ ನೀರು ಹಾಕತೊಡಗಿದ. ಆ ಕಡೆ ಈ ಕಡೆ ನೋಡಲಿಲ್ಲ.

ದಫೇದಾರರು ಎದ್ದರು. ಇನ್ಸ್‌ಪೆಕ್ಟರ್ ಅವರ ತೋಳು ಹಿಡಿದರು. ಬಕೆಟ್ಟು ಬರಿದಾಗುವ ತನಕ ಯಾರೂ ಅಂಗಡಿಯಿಂದ ಹೊರಗೆ ಬರಲಿಲ್ಲ.

"ಮೇಸ್ತ್ರಿಗಳಾ?"

ಅವನು ತಿರುಗಿದ. ಓಡಲಿಲ್ಲ. "ಹೂಂ. ಬರ್ತೀರಿ ಅಂತ ಗೊತ್ತಿತ್ತಮ್ಮ."

"ಹಾಗಿದ್ರೆ ಯಾಕೆ ಬಂದ್ರಿ?"

"ನೀರು ಹಾಕದಿದ್ರೆ ಸೀಳು ಬಿಡತ್ತೆ. ಸೀಳು ಬಿಟ್ರೆ ಚಕ್ಕೆ ಏಳತ್ತೆ. ಇನ್ನೊಬ್ಬರು ಬೀಳ್ತಾರೆ."

ಬಂಧನದ ವೇಳೆ ಏಳು ಗಂಟೆ ಹತ್ತು ನಿಮಿಷ. ಬಕೆಟ್ಟನ್ನೂ ವಶಪಡಿಸಿಕೊಂಡರು. ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಎಲ್ಲರೂ ಊರಲ್ಲೇ ಇದ್ದರು.

ಠಾಣೆಯಲ್ಲಿ ಅವನಿಗೆ ಟೀ ಕೊಟ್ಟರು. ಅವನು ಮುಟ್ಟಲಿಲ್ಲ.

"ಯಾಕೆ ಹಾಕಿದ್ರಿ?"

"ಅಲ್ಲಿ ಸತ್ತಿದ್ದು ನಮ್ಮಕ್ಕ."

ಇನ್ಸ್‌ಪೆಕ್ಟರ್ ಪೆನ್ನು ನಿಲ್ಲಿಸಿದರು. ವ್ಯಾನಿನ ಆ ಕಡತ ಮುಚ್ಚಿ ಕೆಳಗೆ ಸಹಿ ಹಾಕಿದ್ದು ಆಕೆಯೇ.

"ಅವ್ವ ಹೋದಾಗ ನನಗೆ ಎರಡು ವರ್ಷ. ಅಕ್ಕನೇ ಸೊಂಟದ ಮೇಲೆ ಹೊತ್ತು ಸಾಕಿದ್ದು. ಮದುವೆ ಅಂದ್ರೆ, ಇವನನ್ನ ಯಾರು ನೋಡ್ಕೋತಾರೆ ಅನ್ನೋಳು. ಕೊನೆಗೆ ಆಗ್ಲೇ ಇಲ್ಲ. ಕಣ್ಣು ಮಂಜಾಗಿತ್ತು. ಎಲ್ಲಿ ದಾಟ್ಲಿ ಅಂತ ಕೇಳಿದ್ಲು. ಹಂಪ್ಸ್ ಹತ್ರ ದಾಟಕ್ಕ, ಅಲ್ಲಿ ಗಾಡಿ ನಿಧಾನ ಆಗ್ತವೆ ಅಂತ ಹೇಳ್ಕೊಟ್ಟಿದ್ದು ನಾನೇ. ಅದನ್ನ ಕಿತ್ತಿದ್ದು ಅವಳಿಗೆ ಕಾಣ್ಲಿಲ್ಲ. ಅಲ್ಲೇ ದಾಟಿದ್ಲು."

"ದೂರು ಕೊಡಬಹುದಿತ್ತು."

"ಎಲ್ಲಿ ಕೊಡ್ಲಿ? ನಗರಸಭೆಗೆ ಹೋದೆ. ನಿಮ್ಮ ಸದಸ್ಯರನ್ನ ಕೇಳು ಅಂದ್ರು. ಸದಸ್ಯರ ಹತ್ರ ಹೋದೆ. ಮುಂದಿನ ಸಲ ನಮ್ಮೋರು ಬರ್ಲಿ, ಒಂದಲ್ಲ ಎರಡು ಹಾಕ್ಸೋಣ ಅಂದ್ರು. ಅಲ್ಲೀತನಕ ಬೀದಿ ದಾಟೋರು ಏನು ಮಾಡ್ಬೇಕು?"

ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿ ಹೆಂಗಸು ಬಂದು ನಿಂತಿದ್ದಳು. ಯಾರು ಬಿಟ್ಟರೋ. ದಫೇದಾರರು ಅವಳನ್ನು ಹೊರಗೆ ಕರೆದೊಯ್ಯಲು ಹೋದರು. ಇನ್ಸ್‌ಪೆಕ್ಟರ್ ಬೇಡವೆಂದು ಕೈ ಮಾಡಿದರು.

ಅವಳು ಮೇಸ್ತ್ರಿಯನ್ನೇ ನೋಡಿದಳು. ದಿನಾ ಸಂಜೆ ಬನ್ನು ಕೊಳ್ಳಲು ಬರುತ್ತಿದ್ದವನು.

"ನೀವಾ?" ಎಂದಳು. ಆಮೇಲೆ, "ಬಿಳಿ ಬಣ್ಣ ಯಾಕೆ ಬಳೀಲಿಲ್ಲ?"

"ಹಸಿ ಸಿಮೆಂಟಿನ ಮೇಲೆ ಬಣ್ಣ ನಿಲ್ಲಲ್ಲ ತಾಯಿ. ವಾರ ಬೇಕು. ಡಬ್ಬ ತಂದು ಮನೇಲಿಟ್ಟಿದ್ದೆ. ಅಲ್ಲೀತನಕ ಕಲ್ಲು ಅಡ್ಡ ಇಟ್ಟಿದ್ದೆ. ರಾತ್ರಿ ಯಾರೋ ಕಾರಿನವರು ತೆಗೆದು ಬದಿಗಿಟ್ಟಿದ್ದಾರೆ. ಬೆಳಿಗ್ಗೆ ನಾನು ಬೇಗ ಎದ್ದು ನೋಡಬೇಕಿತ್ತು. ನೋಡ್ಲಿಲ್ಲ."

ಅವಳು ಬೈಯಲಿಲ್ಲ. ಗೋಡೆಗೆ ಒರಗಿ, ಮೆಲ್ಲಗೆ ಜಾರಿ ನೆಲದ ಮೇಲೆ ಕೂತಳು. ಮೂರು ದಿನಗಳಲ್ಲಿ ಠಾಣೆಯೊಳಗೆ ಅವಳು ಕೂತಿದ್ದು ಅದೇ ಮೊದಲು. ಮೇಸ್ತ್ರಿಯೂ ಬೆಂಚಿನಿಂದಿಳಿದು, ಇನ್ನೊಂದು ಗೋಡೆಯ ಬುಡದಲ್ಲಿ ಕೂತ. ಇಬ್ಬರ ನಡುವೆ ಬರೀ ಸಿಮೆಂಟು ನೆಲ.

ಹತ್ತಕ್ಕೆ ಎದುರು ಕಡೆಯ ಆ ವಾರ್ಡ್ ಸದಸ್ಯರು ಬಂದರು, ಹಿಂದೆ ಹತ್ತಾರು ಹುಡುಗರು, ಒಬ್ಬ ಫೋಟೋಗ್ರಾಫರ್. "ಮೇಸ್ತ್ರಿ ನಮ್ಮವನು! ಬಡವರಿಗೋಸ್ಕರ ಮಾಡಿದ ಕೆಲಸ ಇದು!"

"ಬನ್ನಿ ಒಳಗೆ," ಎಂದರು ಇನ್ಸ್‌ಪೆಕ್ಟರ್. "ನಿಮ್ಮವನು ಅಂತ ಹೇಳಿಕೆ ಕೊಡಿ, ಬರ್ಕೋತೀನಿ. ಸಿಮೆಂಟೂ ನಿಮ್ಮದೇನಾ?"

"ಅಯ್ಯೋ, ಜನ ಎಲ್ಲಾ ನಮ್ಮವರೇ ಅಂತ ಅಂದೆ ಅಷ್ಟೇ," ಎಂದು ಅವರು ಮೆಟ್ಟಿಲ ಮೇಲೇ ಫೋಟೋ ತೆಗೆಸಿಕೊಂಡು ಹೊರಟರು.

ಹನ್ನೊಂದಕ್ಕೆ ಡಿವೈಎಸ್‌ಪಿ ಫೋನು ಮಾಡಿದರು. ಅಧ್ಯಕ್ಷರು ಅವರ ಎದುರೇ ಕೂತಿದ್ದರೆಂದು ದನಿಯ ಹದದಲ್ಲೇ ಗೊತ್ತಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಟೈಪು ಮಾಡಿದ ಹೇಳಿಕೆಯೊಂದು ಠಾಣೆಗೆ ಬಂತು. ಸಹಿಯೊಂದೇ ಬಾಕಿ.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು. ಹೆಂಗಸನ್ನು ಕಾನ್ಸ್‌ಟೇಬಲ್ ಜೊತೆ ಮನೆಗೆ ಕಳಿಸಿ, ಮೇಸ್ತ್ರಿಯನ್ನು ಮೇಲೆಬ್ಬಿಸಿ ಕುರ್ಚಿ ಕೊಟ್ಟು, ಹಾಳೆಯನ್ನು ಮೇಜಿನ ಮೇಲಿಟ್ಟರು.

"ಮೇಲಿನವರು ನಿಮಗೆ ಇದನ್ನ ಹೇಳು ಅಂದಿದ್ದಾರೆ. ಹೇಳ್ತೀನಿ. ಸಿಮೆಂಟು, ಮರಳು ಕೊಟ್ಟಿದ್ದು ನಿಮ್ಮ ವಾರ್ಡಿನ ಸದಸ್ಯರು, ಅವರು ಹೇಳಿದ್ದಕ್ಕೇ ನೀವು ಉಬ್ಬು ಹಾಕಿದ್ದು ಅಂತ ಇದರಲ್ಲಿದೆ. ಸಹಿ ಮಾಡಿದ್ರೆ ನಿಮ್ಮನ್ನ ಸಾಕ್ಷಿ ಮಾಡ್ತಾರೆ. ಜೈಲಿಲ್ಲ." ಆಕೆ ತಡೆದರು. "ನಿಮ್ಮಕ್ಕನ ಫೈಲೂ ಮತ್ತೆ ತೆರೀತಾರಂತೆ. ಆ ವ್ಯಾನನ್ನ ಹುಡುಕ್ತಾರಂತೆ."

ಮೇಸ್ತ್ರಿ ತಲೆ ಎತ್ತಿದ.

"ಹುಡುಕಿದ್ರೆ ಸಿಗತ್ತಾ?"

"ಹುಡುಕಿದ್ರೆ ಸಿಗಬಹುದು."

"ಮತ್ತೆ ಇಷ್ಟು ದಿನ ಯಾಕೆ ಹುಡುಕ್ಲಿಲ್ಲ?"

ಇನ್ಸ್‌ಪೆಕ್ಟರ್ ತಮ್ಮ ಪೆನ್ನನ್ನು ಹಾಳೆಯ ಪಕ್ಕ ಇಟ್ಟರು. ದಫೇದಾರರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಮೇಸ್ತ್ರಿ ಪೆನ್ನನ್ನು ಕೈಗೆ ತೆಗೆದುಕೊಂಡ. ಹಾಳೆಯ ಕೊನೆಯಲ್ಲಿ ತನ್ನ ಹೆಸರಿಗೆ ಬಿಟ್ಟಿದ್ದ ಜಾಗವನ್ನು ನೋಡುತ್ತಾ ಕೂತ. ಸುಣ್ಣ ಸಿಮೆಂಟಿಗೆ ಬಿರಿದುಹೋದ ಆ ಬೆರಳುಗಳು ಪೆನ್ನಿನ ಮೇಲೆ ಬಿಗಿಯಾದವು, ಸಡಿಲವಾದವು.

ಆಮೇಲೆ ಪೆನ್ನನ್ನು ಹಾಳೆಯ ಮೇಲಿಟ್ಟು, ಎರಡನ್ನೂ ಆಕೆಯ ಕಡೆ ಸರಿಸಿದ.

"ಸಿಮೆಂಟು ನನ್ನ ದುಡಿಮೆದು. ಕಲಸಿದ್ದು ನಾನು. ಆ ತಾಯಿ ಗಂಡ ಬಿದ್ದಿದ್ದು ನನ್ನ ಕೆಲಸದ ಮೇಲೆ. ಇದರಲ್ಲಿ ಈ ಕಡೆಯವರಿಗೂ ಆ ಕಡೆಯವರಿಗೂ ಪಾಲು ಕೊಡಲ್ಲ. ನಾನು ಸಹಿ ಹಾಕಲ್ಲಮ್ಮ."