ಹತ್ತು ವರ್ಷ ಏನೂ ಆಗಲ್ಲ

"ನೀವು ಮೋಸಗಾರರು!"

ಟೈಲರ್ ಹುಡುಗಿ ಅಪ್ಪನ ಹಳೆಯ ಟೇಪ್ ರೆಕಾರ್ಡರನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು. ಮೆಕ್ಯಾನಿಕ್‌ನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

"ಏನಾಯ್ತು ಮೇಡಂ?"

"ಮೊದಲ್ನೇ ಸಲ ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಾಗಿದೆ ಅಂದ್ರಿ. ಆಮೇಲೆ ಸ್ಪೀಕರ್ ಸುತ್ತಿನ ಫೋಮ್ ಪುಡಿಯಾಗಿದೆ ಅಂದ್ರಿ. ಮೂರನೇ ಸಲ ಕೆಪಾಸಿಟರ್ ಒಣಗಿದೆ ಅಂದ್ರಿ. ಎಲ್ಲದಕ್ಕೂ ಒಂದೇ ವಯಸ್ಸು, ಒಟ್ಟಿಗೇ ಬದಲಾಯಿಸ್ಬೇಕಿತ್ತು ಅಂತಾರೆ ಅಪ್ಪ. ಈ ಭಾರ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಯ್ತು!"

ಅವನು ಜಾರಿದ ಸ್ಕ್ರೂಡ್ರೈವರನ್ನು ಹುಡುಕತೊಡಗಿದ. ಕಿವಿ ಕೆಂಪಾಗಿತ್ತು.

ಅವಳ ಎದೆ ಚುರುಕ್ಕೆಂದಿತು. 'ಹಾಗಾದರೆ ನಿಜವಾಗಿಯೂ ಮೋಸವೇ? ಇಂಥವನನ್ನೇ ನಾನು ಇಷ್ಟಪಟ್ಟೆನೇ...'

ಇಷ್ಟಪಟ್ಟಿದ್ದಳು, ಚೆನ್ನಾಗಿಯೇ! ಹೋದ ವಾರ ಅವನು ರೆಕಾರ್ಡರ್ ವಾಪಸ್ ಕೊಡುತ್ತಾ, "ಇನ್ನು ಹತ್ತು ವರ್ಷ ಏನೂ ಆಗಲ್ಲ" ಎಂದಾಗ ಅವಳಿಗೆ ಊಟ ಸೇರಿರಲಿಲ್ಲ. ಅವನನ್ನು ಮತ್ತೆ ನೋಡಲು ಹತ್ತು ವರ್ಷ ಕಾಯುವ ತಾಳ್ಮೆ ಯಾರಿಗಿದೆ? ಅದಕ್ಕೇ ಈ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದದ್ದೇ ತಡ, ಮುಚ್ಚಳ ಬಿಚ್ಚಿ, ಬಟ್ಟೆ ಕತ್ತರಿಸುವ ಕತ್ತರಿಯಿಂದ ಒಂದು ವೈರಿಗೆ... ಕಚಕ್! ಇಂಥ ಮಹಾತಾಯಿ ಇನ್ನೊಬ್ಬರನ್ನು ಮೋಸಗಾರ ಎನ್ನುತ್ತಿದ್ದಳು.

"ಈಗೇನು ತೊಂದರೆ?"

"ಸೌಂಡೇ ಇಲ್ಲ. ವಯಸ್ಸಾಯ್ತೇನೋ..."

ಅವನು ಮುಚ್ಚಳ ತೆಗೆದು ಬಗ್ಗಿ ನೋಡಿದ. ಇನ್ನಷ್ಟು ಬಗ್ಗಿದ.

"ಮೇಡಂ, ವಯಸ್ಸಾದ ತಾಮ್ರ ಕಪ್ಪಾಗುತ್ತೆ. ಇದು ಪಳಪಳ ಹೊಳೀತಿದೆ. ತುದಿ ಎಷ್ಟು ನೀಟಾಗಿದೆ ಅಂದ್ರೆ... ಕಾಲರ್ ಕತ್ತರಿಸೋರ ಕೈಯೇ ಇದು."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಆದರೂ ಅವಳು ಪಟ್ಟು ಬಿಡಲಿಲ್ಲ.

"ನೀವೇನು ಸಾಚಾನಾ? ಮೂರು ಸಲ ಯಾಕೆ ಓಡಾಡ್ಸಿದ್ರಿ?"

"ಒಂದೇ ಸಲ ಸರಿಮಾಡಿದ್ರೆ ನೀವು ಒಂದೇ ಸಲ ಬರ್ತಿದ್ರಿ!" ಅವನು ತಲೆ ತಗ್ಗಿಸಿದ. "ಕೊನೇ ಸಲ ನೀವು ಏದುಸಿರು ಬಿಡ್ತಿದ್ದದ್ದು ನೋಡಿ ಪಾಪ ಅನ್ನಿಸ್ತು. ಅದಕ್ಕೇ ಎಲ್ಲ ಸರಿಮಾಡಿ ಕಳಿಸ್ದೆ. ಆವತ್ತಿಂದ ಕೆಲಸದಲ್ಲಿ ಮನಸ್ಸಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. 'ಅಯ್ಯೋ ದೇವರೇ, ಬಾಯಿಬಿಟ್ಟು ಹೇಳೋಕೆ ಒಂದು ಡಬ್ಬಿ ಇಷ್ಟು ಸಲ ಕೆಡಬೇಕಿತ್ತಾ!'

"ನಂಗೂ..." ಎಂದಳು, ಅಷ್ಟೇ.

ಅವನು ಗಡಬಡಿಸಿ ಸಾಲ್ಡರಿಂಗ್ ಐರನ್ ಎತ್ತಿಕೊಂಡ. "ಐದೇ ನಿಮಿಷ, ವೈರ್ ಜೋಡಿಸಿಬಿಡ್ತೀನಿ."

"ಬೇಡ." ಅವಳು ಅವನ ಕೈ ಹಿಡಿದಳು. "ಭಾನುವಾರ ಮನೆಗೆ ಬಂದು ಜೋಡಿಸಿ. ಅಪ್ಪ ಇರ್ತಾರೆ."

"ವೈರ್ ಹೇಗೆ ಕಟ್ಟಾಯ್ತು ಅಂತ ಕೇಳಿದ್ರೆ?"

"ಮೊದ್ಲು ನೀವು ಅವರ ಹತ್ರ ನನ್ನನ್ನ ಕೇಳಿ. ಹೂಂ ಅಂದ್ಮೇಲೆ ವೈರಿನ ವಿಷಯ ಹೇಳೋಣ!"