ಕೇಳದೆ ತೆಗೆದ ಚಿತ್ರ

ಕ್ಯಾಮೆರಾದೊಳಗೆ ಸುಲಭಾಳ ಮುಖ ಸ್ಪಷ್ಟವಾದದ್ದೇ ತಡ, ಕೃಷ್ಣಾಜಿಯ ಬೆರಳು ನಿಂತುಬಿಟ್ಟಿತು.

ಬರ್ಮಾ ಯುದ್ಧದ ಚಿತ್ರ ತೆಗೆಯಲು ಮುಂಬಯಿಯ ಪತ್ರಿಕೆಯೊಂದು ಕಳಿಸಿದ್ದ ಫೋಟೋಗ್ರಾಫರ್ ಅವನು. ಮಲೇರಿಯಾ ಹಿಡಿಸಿಕೊಂಡು, ಸುಧಾರಿಸಿಕೊಳ್ಳಲೆಂದು ಬ್ಯಾಡಗಿಯ ಅಕ್ಕನ ಮನೆಗೆ ಬಂದಿದ್ದ. ತಬ್ಬಲಿಯಾಗಿ ತನ್ನ ಮನೆ ಸೇರಿದ ಅಣ್ಣನ ಮಗಳು ಸುಲಭಾಳಿಗೆ ಹಾವೇರಿಯ ಸಂಬಂಧವೊಂದು ಕೂಡಿಬರುವಂತಿದೆ, ಒಂದು ಫೋಟೋ ತೆಗೆದುಕೊಡಪ್ಪ ಎಂದು ಪಕ್ಕದ ಮನೆಯ ವೆಂಕೂಬಾಯಿ ಕೇಳಿಕೊಂಡಿದ್ದಳು.

"ಯಾಕ್ರೀ? ಯುದ್ಧದಾಗ ತೋಪಿನ ಮುಂದ ನಿಂತು ಬಂದವರು, ಹುಡುಗಿ ಮುಂದ ನಡುಗಲಿಕ್ಕತ್ತೀರಿ?" ಸುಲಭಾ ತುಟಿ ಕಚ್ಚಿ ನಕ್ಕಳು.

"ಜ್ವರ ಇನ್ನೂ ಬಿಟ್ಟಿಲ್ಲ."

"ಜ್ವರ ಕೈಗಷ್ಟೇ ಬಂದದೇನು? ಮಾರಿನೂ ಕೆಂಪಾಗೇದ."

ಹೇಗೋ ಫೋಟೋ ತೆಗೆದ. ಆದರೆ ಆ ಮುಖದ ಚಿತ್ರವನ್ನು ಅವನು ಮೊದಲೇ ಒಮ್ಮೆ ತೆಗೆದಿದ್ದ.

ಹಿಂದಿನ ವರ್ಷ ಜನ ರಂಗೂನು ಬಿಟ್ಟು ಕಾಡುದಾರಿ ಹಿಡಿದು ನಡೆದು ಬರುತ್ತಿದ್ದರು. ಅಲ್ಲೊಂದು ಕಡೆ, ಸತ್ತ ಮುದುಕನ ಪಕ್ಕದಲ್ಲಿ, ಕೂದಲು ಕೆದರಿ, ಮೈಮೇಲೆ ಸೆರಗಿಲ್ಲದೆ ಒಬ್ಬ ಹುಡುಗಿ ಕುಳಿತಿದ್ದಳು. ಕೃಷ್ಣಾಜಿ ದೂರದಿಂದಲೇ ಚಿತ್ರ ತೆಗೆದ. ಮಾತಾಡಿಸಲಿಲ್ಲ. ಕೆಳಗೆ ತಾನೇ ಒಂದು ಸಾಲು ಬರೆದು ಕಳಿಸಿದ: 'ದುಃಖಕ್ಕೆ ಹುಚ್ಚಿಯಾದವಳು.' ಮೊದಲ ಪುಟದಲ್ಲಿ ಅಚ್ಚಾಯಿತು. ಸಂಪಾದಕರು ಬೆನ್ನು ತಟ್ಟಿದರು. ಆಗ ಅವನೂ ಹಿಗ್ಗಿದ್ದ.

ಇದನ್ನು ಸುಲಭಾಳಿಗೆ ಹೇಳಿಬಿಡಬೇಕು ಅಂದುಕೊಂಡ. ನಾಳೆ ಹೇಳಿದರಾಯಿತು ಎಂದು ಮುಂದೂಡಿದ. ಅಷ್ಟರಲ್ಲಿ ಹಿತ್ತಲಗೋಡೆಯ ಮೇಲಿನಿಂದ ಸುಲಭಾಳ ಕಷಾಯದ ಲೋಟ ದಿನವೂ ಬರತೊಡಗಿತು. "ಕುಡೀರಿ, ಮಾರಿ ಕಿವಿಚಬ್ಯಾಡ್ರಿ" ಎಂದು ಗದರಿಸಿ, ಅವನು ಮುಖ ಕಿವಿಚುವುದನ್ನೇ ಕಾದು ನೋಡುತ್ತಿದ್ದಳು. ಮೆಣಸಿನಕಾಯಿಯ ಘಾಟು ಗಾಳಿಗೆ ಬಂದು ಇಬ್ಬರೂ ಒಟ್ಟಿಗೆ ಸೀನಿದ ದಿನ, ನಗುನಗುತ್ತ ಅವಳ ಕಣ್ಣು ಇವನ ಕಣ್ಣಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು.

ಅದೇ ದಿನ ಅವಳು ತಾನಾಗಿ ಹೇಳಿದಳು. "ನನ್ನ ಫೋಟೋ ಪೇಪರಿನ್ಯಾಗ ಬಂದಿತ್ತು, ಗೊತ್ತೇನ್ರಿ? ಅಪ್ಪನ ಮಾರಿಮ್ಯಾಲೆ ನೊಣ ಕೂಡಬಾರದಂತ ಸೆರಗು ಹರದು ಹೊಚ್ಚಿದ್ದೆ. ಅದಕ್ಕ ಹುಚ್ಚೀ ಅಂತ ಬರದಾರ."

ಅವನು ಅರ್ಧ ಕುಡಿದ ಲೋಟವನ್ನು ಗೋಡೆಯ ಮೇಲಿಟ್ಟ. ತಲೆ ಎತ್ತಲಾಗಲಿಲ್ಲ.

ಹಾವೇರಿಯವರು ಹುಡುಗಿ ನೋಡಲು ಬಂದರು. ಅಕ್ಕಪಕ್ಕದವರೆಂದು ಕೃಷ್ಣಾಜಿ, ಅಕ್ಕ ಕಾಶೀಬಾಯಿ ಇಬ್ಬರೂ ಅಲ್ಲಿದ್ದರು. ಸುಲಭಾ ಅವಲಕ್ಕಿ ತಟ್ಟೆ ಇಡುವಾಗ ವರನ ತಂದೆ ಅಣ್ಣಾಜಿ ಹುಬ್ಬು ಗಂಟಿಕ್ಕಿದರು.

"ಪೇಪರಿನ್ಯಾಗ ಬಂದಾಕಿ ಈಕೀನ ಅಲ್ಲೇನು? ಹುಚ್ಚು ಹಿಡದದ ಅಂತ ಬರದಿದ್ದರು."

ಸುಲಭಾ ಎಲ್ಲರ ಮುಖ ನೋಡಿದಳು. ಕೊನೆಗೆ ಕೃಷ್ಣಾಜಿಯ ಮುಖ ನೋಡಿದಳು. ಅವನು ನೆಲ ನೋಡುತ್ತ ಕುಳಿತ. ಬಂದವರು ಅವಲಕ್ಕಿ ಮುಟ್ಟದೆ ಎದ್ದುಹೋದರು. ಅವರು ಮೆಟ್ಟಿಲಿಳಿಯುತ್ತಿದ್ದಂತೆ ಅವನ ಎದೆ ಹಗುರಾಯಿತು: ಇನ್ನು ಇವಳು ಬೇರೆಯವರ ಪಾಲಾಗುವುದಿಲ್ಲ. ಆ ಹಗುರ ತಿಳಿದದ್ದೇ, ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು.

ಮರುದಿನ ಮುಂಜಾನೆಯ ಗಾಡಿಗೆ ಹಾವೇರಿಗೆ ಹೋದ. "ಹಂಗ ಬರದವ ನಾನು. ಏನೂ ಕೇಳದ, ತಿಳೀದ ಬರದೆ. ಆಕೀಗೆ ಯಾವ ಹುಚ್ಚೂ ಇಲ್ಲ," ಎಂದು ಅಣ್ಣಾಜಿಯವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು "ಹಂಗಿದ್ದರ ನಮ್ಮ ಒಪ್ಪಿಗಿ ಅದ ಅಂತ ತಿಳಸಪಾ," ಅಂದರು.

ಸಂಜೆ ಹಿತ್ತಲಕಟ್ಟೆಯ ಮೇಲೆ ಸುಲಭಾ ಒಬ್ಬಳೇ ಕುಳಿತಿದ್ದಳು. ಕೃಷ್ಣಾಜಿ ನಿಂತೇ ಹೇಳಿದ.

"ಆ ಫೋಟೋ ತಗದವ ನಾನು, ಸುಲಭಾಬಾಯಿ. ಹುಚ್ಚೀ ಅಂತ ಬರದವನೂ ನಾನ. ಇವತ್ತ ಹಾವೇರಿಗೆ ಹೋಗಿ ಹೇಳಿ ಬಂದೆ. ಅವರು ಒಪ್ಪ್ಯಾರ."

ಅವಳ ಮುಖ ಬಿಳುಪೇರಿತು. "ನಿನ್ನೆ ಯಾಕ ಸುಮ್ಮನ ಕುಂತಿದ್ರಿ?"

"ಹೇಳಿದ್ರ ನೀವು ಅವರ ಮನಿ ಸೇರ್ತೀರಿ ಅಂತ... ಅವರು ಎದ್ದು ಹೋದಾಗ ಒಳಗೊಳಗ ಖುಷಿ ಆತು. ಆ ನಾಚಿಕಿ ತಡಕೊಳ್ಳಲಿಕ್ಕಾಗಲಿಲ್ಲ."

ಸುಲಭಾ ಅವನ ಕಡೆ ತಿರುಗಿದಳು.

"ಅವತ್ತು ಕೇಳದ ಫೋಟೋ ತಗದ್ರಿ. ಇವತ್ತು ಕೇಳದ ಗಂಡನ್ನ ಗೊತ್ತು ಮಾಡಿ ಬಂದೀರಿ. ನನ್ನ ಬಾಯಾಗಿನ ಒಂದು ಮಾತು ನಿಮಗ ಬ್ಯಾಡೇನು?"

ಕೃಷ್ಣಾಜಿ ಕಟ್ಟೆಯ ಹತ್ತಿರ ಒಂದು ಹೆಜ್ಜೆ ಇಟ್ಟ.

"ಹಾವೇರಿಯವರು ನನಗ ಬ್ಯಾಡ," ಅವಳ ದನಿ ಒಡೆಯಿತು. "ನಿಮ್ಮನ್ನ ಬ್ಯಾಡ ಅನ್ನಲಿಕ್ಕೆ ಮನಸ್ಸು ಬರವಲ್ದು. ಬೇಕು ಅನ್ನಲಿಕ್ಕೆ ಇವತ್ತು ಬಾಯಿ ಬರವಲ್ದು."

"ಮತ್ತ ನಾ ಏನು ಮಾಡ್ಲಿ?"

"ಅವತ್ತು ಆ ಕಾಡಿನ್ಯಾಗ ಏನು ಕೇಳಬೇಕಿತ್ತು, ಅದನ್ನ ಕೇಳ್ರಿ."

ಅವನ ಕಣ್ಣು ತುಂಬಿ ಬಂದವು.

"ನಿಮ್ಮ ತಂದೀಯವರ ಹೆಸರೇನಿತ್ರಿ?"

"ಚಂದ್ರಶೇಖರ," ಎಂದಳು ಸುಲಭಾ. ಕಟ್ಟೆಯ ಮೇಲೆ ಸರಿದು ಜಾಗ ಮಾಡಿದಳು. "ಕೂಡ್ರಿ. ಹೇಳೋದು ಭಾಳ ಅದ."